ದೇವರ ಕಪಾಟಿನ ಮಾತ್ರೆಗಳು

ದೀಪದ ಮೂವತ್ತೊಂದನೆಯ ದಿನ ರೋಹಿಣಿಗೆ ತಲೆನೋವು ಶುರುವಾಯಿತು.

ತಾರೀಖು ಹೇಳಬೇಕೆಂದರೆ ಕ್ಯಾಲೆಂಡರ್ ನೋಡಬೇಕು. ದೀಪದ ದಿನ ಮಾತ್ರ ಬಾಯಲ್ಲೇ ಇದೆ. ಆ ಬೇಸಿಗೆಯಲ್ಲಿ ನಮ್ಮ ಮನೆ ಆ ಲೆಕ್ಕದಲ್ಲೇ ನಡೆಯುತ್ತಿತ್ತು. ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ, ಬೆಳಗು ಹರಿಯುವಾಗ ಸ್ನಾನ ಮಾಡಿ ಮಡಿಯಲ್ಲಿ ತುಪ್ಪದ ದೀಪ ಹಚ್ಚುವುದು, ನಮಸ್ಕಾರ ಹಾಕುವುದು. ಊರಿನ ಆಚಾರ್ಯರೊಬ್ಬರು ಫೋನಿನಲ್ಲಿ ಹೇಳಿದ ಸೇವೆ. ಎರಡನೆಯ ಮಗುವಿಗಾಗಿ.

ರೋಹಿಣಿ ನನ್ನ ಹೆಂಡತಿ. ಮೂವತ್ತಾರು ವರ್ಷ. ನಾನು ವಡೋದರಾ ಹತ್ತಿರದ ಕೊಯಾಲಿ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ನಾವು ಬಾಗಲಕೋಟೆ ಕಡೆಯವರು, ವಡೋದರಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಟೌನ್‌ಶಿಪ್ಪಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರು, ಒಂಬತ್ತು ವರ್ಷದ ಮಗಳು ಅದಿತಿ, ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದ ಅವ್ವ.

ಅಂದು ಬೆಳಿಗ್ಗೆ ನಾನು ಶಿಫ್ಟಿಗೆ ಹೊರಡುತ್ತಿದ್ದೆ. ರೋಹಿಣಿ ನಮಸ್ಕಾರ ಹಾಕಿ ಏಳುವಾಗ ಗೋಡೆ ಹಿಡಿದುಕೊಂಡಳು.

"ಯಾಕ, ಏನಾತು?" ಎಂದೆ.

"ಏನಿಲ್ರಿ. ಬಗ್ಗಿದ್ರ ತಲಿ ಜಡ ಆಗ್ತದ. ಬಿಸಲಿಗೆ ಇರಬೇಕು."

ಮೇ ತಿಂಗಳು. ವಡೋದರಾದ ಬಿಸಿಲು. ನಾನು ನಂಬಿದೆ.

ಈಗ ಆ ದಿನಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿ ನೋಡುತ್ತೇನೆ. ಪ್ರತಿ ದಿನದಲ್ಲೂ ನಂಬಬಾರದಾಗಿದ್ದ ಏನೋ ಒಂದು ಸಿಗುತ್ತದೆ. ಆಗ ಅದು ಎಲ್ಲ ದಿನಗಳ ಹಾಗೆಯೇ ಇತ್ತು. ಹಾಲು ಬಂತು, ಅದಿತಿಯ ಶಾಲೆಯ ರಜೆ ನಡೆಯುತ್ತಿತ್ತು, ಪ್ಲಾಂಟಿನಲ್ಲಿ ಶಟ್‌ಡೌನ್ ಕೆಲಸವಿದ್ದು ನನಗೆ ಹನ್ನೆರಡು ಗಂಟೆಯ ಡ್ಯೂಟಿ.

ನಲವತ್ತೆಂಟು ದಿನ ತಪ್ಪದೆ ಎಂದೆನಲ್ಲ. ಹೆಂಗಸರಿಗೆ ಅದು ಹೇಗೆ ಸಾಧ್ಯ ಎಂದು ಓದುವವರು ಕೇಳಬಹುದು. ನಮ್ಮಲ್ಲಿ ಮುಟ್ಟಾದವರು ಮೂರು ದಿನ ಕಡೆಗೆ ಕೂರುತ್ತಾರೆ. ಅಡುಗೆಮನೆ, ದೇವರು ಯಾವುದನ್ನೂ ಮುಟ್ಟುವುದಿಲ್ಲ. ಅದಕ್ಕೆ ಮಾತ್ರೆ ಇದೆ. ದಿನಕ್ಕೆ ಮೂರು. ತೆಗೆದುಕೊಳ್ಳುವವರೆಗೆ ಮುಟ್ಟು ಬರುವುದಿಲ್ಲ, ಬಿಟ್ಟ ಎರಡು ಮೂರು ದಿನಕ್ಕೆ ಬರುತ್ತದೆ. ರೋಹಿಣಿ ಮದುವೆಯಾದ ಎರಡನೆಯ ವರ್ಷದಿಂದ ಅದನ್ನು ತೆಗೆದುಕೊಳ್ಳುತ್ತಿದ್ದಳು. ಅಪ್ಪನ ಶ್ರಾದ್ಧಕ್ಕೆ, ಗೌರಿ ಹಬ್ಬಕ್ಕೆ, ನವರಾತ್ರಿಗೆ, ಊರಿಂದ ಯಾರಾದರೂ ಮಡಿಯವರು ಬರುವುದಿದ್ದರೆ ಅದಕ್ಕೆ. ವರ್ಷಕ್ಕೆ ನಾಲ್ಕೈದು ಸಲ.

ತಂದುಕೊಡುತ್ತಿದ್ದವನು ನಾನು.

ಟೌನ್‌ಶಿಪ್ ಗೇಟಿನ ಹೊರಗೆ ಮೆಡಿಕಲ್ ಸ್ಟೋರ್. ಅಂಗಡಿಯವನು ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. "ಪೂಜಾ ಛೇ ಕೆ ಗರಬಾ?" ಎಂದಷ್ಟೇ ಕೇಳುತ್ತಿದ್ದ. ಪೂಜೆಯೋ, ಗರಬಾ ಕುಣಿತವೋ? ನವರಾತ್ರಿಯ ಮುಂಚೆ ಅವನ ಅಂಗಡಿಗೆ ಅದನ್ನು ಕೇಳಿಕೊಂಡು ಬರುವವರು ಬಹಳ. ನಾನು "ಪೂಜಾ" ಎನ್ನುತ್ತಿದ್ದೆ. ಅವನು ನಗುತ್ತಿದ್ದ. "ಭಗವಾನ್‌ಗೂ ಟೈಮ್‌ಟೇಬಲ್ ಇದೆ ಸಾಹೇಬ್," ಎಂದು ಹಿಂದಿಯಲ್ಲಿ ಹೇಳಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ.

ಅವ್ವನಿಗೆ ಆ ಮಾತ್ರೆಯ ಮೇಲೆ ಗೌರವವಿತ್ತು. "ನಮ್ಮ ಕಾಲಕ್ಕ ಇಂಥಾದೊಂದು ಇದ್ದಿದ್ರ ಹಿತ್ತಲ ಖೋಲಿಯೊಳಗ ನನ್ನ ಅರ್ಧಾ ಆಯುಷ್ಯ ಹೋಗ್ತಿರಲಿಲ್ಲ," ಎನ್ನುತ್ತಿದ್ದಳು. ತನ್ನ ಸೊಸೆಗೆ ಸುಖವಾಗಲಿ ಎಂದೇ ಅವಳು ಹೇಳಿದ್ದು. ಇದನ್ನು ಬರೆಯಲೇಬೇಕು.

ಮನೆಯಲ್ಲಿ ಔಷಧಿಯ ಡಬ್ಬಿ ಫ್ರಿಜ್ಜಿನ ಮೇಲೆ ಇರುತ್ತದೆ. ಆ ಮಾತ್ರೆ ಅದರಲ್ಲಿ ಇರುತ್ತಿರಲಿಲ್ಲ. ದೇವರ ಕಪಾಟಿನ ಕೆಳಗೆ ಒಂದು ಖಾನೆ. ಹೂಬತ್ತಿ, ಕರ್ಪೂರ, ಮಂತ್ರಾಕ್ಷತೆಯ ಪೊಟ್ಟಣ. ಅವುಗಳ ಜೊತೆ ಆ ಮಾತ್ರೆಯ ಸ್ಟ್ರಿಪ್ಪುಗಳು. ಅದು ಅಲ್ಲಿಗೆ ಯಾವಾಗ ಹೋಯಿತೋ, ಯಾರು ಇಟ್ಟರೋ ನೆನಪಿಲ್ಲ. ಪೂಜೆಯ ಸಾಮಾನು ಪೂಜೆಯ ಜಾಗದಲ್ಲಿ. ಅಷ್ಟೇ.

ದೀಪದ ಇಪ್ಪತ್ತೆರಡನೆಯ ದಿನ ನಾವು ಅಹಮದಾಬಾದಿಗೆ ಹೋಗಿದ್ದೆವು. ಅಲ್ಲಿನ ಸ್ಯಾಟಲೈಟ್ ಬಡಾವಣೆಯಲ್ಲಿ ಒಬ್ಬ ಎಂಡೋಕ್ರಿನಾಲಜಿಸ್ಟ್ ಇದ್ದಾರೆ, ಹಾರ್ಮೋನಿನ ಡಾಕ್ಟರು. ಎರಡು ತಿಂಗಳ ಹಿಂದೆ ತೆಗೆದುಕೊಂಡ ಅಪಾಯಿಂಟ್‌ಮೆಂಟು. ನಾಲ್ಕು ವರ್ಷದಿಂದ ಕಾದರೂ ಎರಡನೆಯದು ನಿಂತಿರಲಿಲ್ಲ. ಕ್ಲಿನಿಕ್ಕಿನವರು ಹೇಳಿದಂತೆ ವಡೋದರಾದಲ್ಲೇ ರಕ್ತ ಕೊಟ್ಟು ರಿಪೋರ್ಟ್ ಒಯ್ದಿದ್ದೆವು. ರೋಹಿಣಿ ದೀಪ ಹಚ್ಚಿಯೇ ಹೊರಟಿದ್ದಳು.

ಡಾಕ್ಟರು ವಯಸ್ಸಾದವರು. ರಿಪೋರ್ಟನ್ನು ಎರಡು ಸಲ ನೋಡಿದರು. ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳ ಅಂಕಿಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

"ಅಂಡಾಶಯದ ತಪ್ಪಲ್ಲ ಇದು," ಎಂದರು ಹಿಂದಿಯಲ್ಲಿ. "ಮೇಲಿಂದ ಬರಬೇಕಾದ ಆಜ್ಞೆಯೇ ಬರುತ್ತಿಲ್ಲ. ಯಾರೋ ಮೇಲೆ ಕೂತು ತಡೆಹಿಡಿದ ಹಾಗಿದೆ. ಸ್ಟಿರಾಯ್ಡ್ ಏನಾದರೂ ತಗೊಳ್ತಾ ಇದ್ದೀರಾ?"

ರೋಹಿಣಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು: "ನಾನೇನ ಪೈಲ್ವಾನ ಏನ್ರಿ?"

ನಾನು ನಕ್ಕೆ. ಡಾಕ್ಟರಿಗೆ ಅನುವಾದಿಸಿ ಹೇಳಿದೆ. ಅವರೂ ನಕ್ಕರು.

"ಬಲವಾದ ನೋವಿನ ಮಾತ್ರೆ? ನಿದ್ದೆ ಮಾತ್ರೆ? ಯಾವುದಾದರೂ ಪುಡಿ, ಕಷಾಯ?"

"ಇಲ್ಲ."

"ಬೇರೆ ಔಷಧಿ?"

"ಏನೂ ಇಲ್ಲ."

ಆಗ ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆ ನೋಟ ಎಷ್ಟೋ ಸಲ ಕಣ್ಣ ಮುಂದೆ ಬರುತ್ತದೆ. ಅವಳಿಗೆ ಏನಾದರೂ ಹೊಳೆದಿತ್ತೇ? ಅಥವಾ ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಆಗಿತ್ತೇ? ನನಗಂತೂ ಹೊಳೆಯಲಿಲ್ಲ. ಸುಳ್ಳು ಹೇಳುತ್ತಿದ್ದೇವೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಯಾರಾದರೂ ನಮ್ಮನ್ನು ಏನೇನು ಔಷಧಿ ತಿನ್ನುತ್ತೀರಿ ಎಂದು ಕೇಳಿದರೆ ನಾವು ತೀರ್ಥದ ಹೆಸರು ಹೇಳುತ್ತೇವೆಯೇ? ಹಾಗೆ.

ಅವಳ ಕೈಚೀಲದಲ್ಲಿ ಮಧ್ಯಾಹ್ನದ ಮಾತ್ರೆ ಇತ್ತು. ಕ್ಲಿನಿಕ್ಕಿನ ಹೊರಗೆ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತು ನೀರಿನಲ್ಲಿ ನುಂಗಿದಳು.

ಡಾಕ್ಟರು ತಲೆಯ ಎಂಆರ್‌ಐ ಮಾಡಿಸಲು ಬರೆದಿದ್ದರು. ಅವಸರವಿಲ್ಲ, ಒಂದು ತಿಂಗಳೊಳಗೆ ಎಂದಿದ್ದರು. ವಡೋದರಾದ ಬಸ್ಸಿನಲ್ಲಿ ರೋಹಿಣಿ, "ದೀಪ ಮುಗೀಲಿ. ಆಮ್ಯಾಲೆ ನೋಡೂಣು," ಎಂದಳು.

ಮೂವತ್ತಾರನೆಯ ದಿನಕ್ಕೆ ತಲೆನೋವು ಮಲಗಿದರೆ ಹೆಚ್ಚು, ಕೂತರೆ ಕಡಿಮೆ ಎನ್ನುವಂತಾಯಿತು. ಡಬ್ಬಿಯಿಂದ ಪ್ಯಾರಾಸಿಟಮಾಲ್ ಕೊಟ್ಟೆ. ಕನ್ನಡಕದ ನಂಬರ್ ಬದಲಾಗಿರಬೇಕು ಎಂದೆ. ದವಾಖಾನೆಗೆ ಹೋಗೋಣ ಎಂದೂ ಅಂದೆ. ಗಟ್ಟಿಯಾಗಿ ಅನ್ನಲಿಲ್ಲ.

"ಅಡ್ಮಿಟ್ ಮಾಡ್ಕೋತಾರ್ರಿ. ಹನ್ನೆರಡು ದಿನ ಉಳದದ. ಮೂವತ್ತಾರು ದಿನದ್ದು ನೀರಾಗ ಹೋಮ ಮಾಡ್ಲ್ಯಾ?"

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳು ದೀಪ ಹಚ್ಚಿ ಸುಮ್ಮನೆ ನೋಡುತ್ತ ಕುಳಿತಿದ್ದಳು. ಆಮೇಲೆ ಅವ್ವನನ್ನು ಕರೆದಳು.

"ಅವ್ವಾ, ಬತ್ತಿ ಒಂದ ಹಾಕೀನಿ. ನಂಗ ಎರಡು ಜ್ಯೋತಿ ಕಾಣ್ತಾವು."

ಅವ್ವ ಕೈಮುಗಿದಳು. ಅವಳ ಕಣ್ಣಲ್ಲಿ ನೀರು ಬಂತು.

"ಎರಡು ಅಂದ್ರ ಎರಡು ಕೂಸು. ತೋರಿಸ್ಯಾನ ತಾಯಿ. ನಿನಗ ತೋರಿಸ್ಯಾನ."

ರೋಹಿಣಿಯೂ ಅತ್ತಳು. ಆ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದರು. ನಾನೂ ಉಂಡೆ.

ಒಂದು ಜ್ಯೋತಿ ಎರಡಾಗಿ ಕಾಣುವುದು ತಲೆಯೊಳಗೆ ಒತ್ತಡ ಏರಿದ್ದರ ಲಕ್ಷಣ. ಇದನ್ನು ನನಗೆ ಹೇಳಿದವರು ಐಸಿಯುವಿನ ಡಾಕ್ಟರು, ಐದು ದಿನದ ನಂತರ.

ನಲವತ್ತೊಂದನೆಯ ದಿನ ಏಕಾದಶಿ. ನಮ್ಮಲ್ಲಿ ನಿರಾಹಾರ. ಅವಳು ನೀರೂ ಕುಡಿಯಲಿಲ್ಲ. ಮಾತ್ರೆಗೆ ಎರಡು ಗುಟುಕು ನೀರು ಬೇಕಲ್ಲ, ಅಷ್ಟು ಮಾತ್ರ. ಮಾರನೆಯ ದಿನ ದ್ವಾದಶಿ ಪಾರಣೆ. ಉಂಡದ್ದೆಲ್ಲ ವಾಂತಿಯಾಯಿತು.

ನಲವತ್ತಮೂರನೆಯ ದಿನ ದೀಪ ಹಚ್ಚಿದಳು. ನಾನು ಬೂಟು ಕಟ್ಟಿಕೊಳ್ಳುತ್ತಿದ್ದೆ. ತಾಮ್ರದ ತಂಬಿಗೆ ನೆಲಕ್ಕೆ ಬಿದ್ದ ಸದ್ದಾಯಿತು. ಒಳಗೆ ಹೋದರೆ ಅವಳು ಒಂದು ಮಗ್ಗುಲಾಗಿ ಬಿದ್ದಿದ್ದಳು. ಬಲಗೈ ಎಳೆದೆಳೆದು ಬಡಿಯುತ್ತಿತ್ತು. ಕಣ್ಣು ತೆರೆದೇ ಇದ್ದವು.

ನನ್ನನ್ನು ನೋಡುತ್ತಿರಲಿಲ್ಲ.

ಅವ್ವ ಮಡಿಯಲ್ಲಿದ್ದಳು. ಅವಳು ಬಂದು ರೋಹಿಣಿಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅದಿತಿ ಬಾಗಿಲಲ್ಲಿ ನಿಂತು ಗುಜರಾತಿಯಲ್ಲಿ ಏನೋ ಕಿರುಚುತ್ತಿದ್ದಳು. ಆ ಹುಡುಗಿಗೆ ಹೆದರಿಕೆಯಾದರೆ ಕನ್ನಡ ಬರುವುದಿಲ್ಲ.

ಟೌನ್‌ಶಿಪ್ಪಿನ ಆಂಬುಲೆನ್ಸಿನಲ್ಲಿ ನಗರದ ಒಂದು ದೊಡ್ಡ ಆಸ್ಪತ್ರೆಗೆ ಒಯ್ದೆವು. ಕ್ಯಾಶುವಾಲ್ಟಿಯಲ್ಲಿ ಒಬ್ಬ ಎಳೆಯ ಡಾಕ್ಟರು ಕೇಳಿದರು. ಶುಗರ್? ಇಲ್ಲ. ಬಿಪಿ? ಇಲ್ಲ. ಹಿಂದೆ ಫಿಟ್ಸ್? ಇಲ್ಲ. ಯಾವ ಔಷಧಿ ನಡೆಯುತ್ತಿದೆ? ನಾನು ಬರುವಾಗ ಡಬ್ಬಿಯನ್ನೇ ತಂದಿದ್ದೆ. ಟೇಬಲ್ಲಿನ ಮೇಲೆ ಸುರಿದೆ. ಪ್ಯಾರಾಸಿಟಮಾಲ್, ಹೊಟ್ಟೆಯುರಿಯ ಮಾತ್ರೆ, ಅವ್ವನ ಬಿಪಿ ಮಾತ್ರೆ, ಅದಿತಿಯ ಕೆಮ್ಮಿನ ಸಿರಪ್.

"ಗರ್ಭನಿರೋಧಕ ಮಾತ್ರೆ?"

"ಛೆ ಛೆ. ನಮಗೆ ಮಗು ಬೇಕಾಗಿದೆ," ಎಂದೆ.

ಎಂಆರ್‌ಐ ಆಯಿತು. ಜೊತೆಗೆ ವೆನೋಗ್ರಾಮ್, ಮೆದುಳಿನ ರಕ್ತನಾಳಗಳ ಚಿತ್ರ. ನ್ಯೂರಾಲಜಿಸ್ಟ್ ನನ್ನ ವಯಸ್ಸಿನ ಗುಜರಾತಿ ಹೆಂಗಸು. ಪರದೆಯ ಮೇಲೆ ತೋರಿಸಿದರು. ಮೆದುಳಿನಿಂದ ರಕ್ತ ಕೆಳಗಿಳಿದು ಹೋಗುವ ದೊಡ್ಡ ನಾಳ ಉದ್ದಕ್ಕೂ ಹೆಪ್ಪುಗಟ್ಟಿತ್ತು. ಒಂದೆರಡು ದಿನದ್ದಲ್ಲ. ರಕ್ತ ಹೊರಗೆ ಹೋಗಲಾಗದೆ ಎಡಭಾಗದಲ್ಲಿ ಒಡೆದಿತ್ತು.

ನಾನು ಇಪ್ಪತ್ತು ವರ್ಷ ಪೈಪುಗಳ ನಡುವೆ ಕೆಲಸ ಮಾಡಿದವನು. ಹೊರಹೋಗುವ ಲೈನ್ ಕಟ್ಟಿದರೆ ಏನಾಗುತ್ತದೆ ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅವರು ಕೇಳಿದರು: "ಭಾಯಿ, ಸರಿಯಾಗಿ ಯೋಚನೆ ಮಾಡಿ. ಯಾವುದಾದರೂ ಹಾರ್ಮೋನ್ ಗೋಲಿ? ಪೀರಿಯಡ್ಸ್ ಮುಂದೆ ಹಾಕೋ ಗೋಲಿ? ಮನೆಯಲ್ಲಿ ಪೂಜೆ, ಲಗ್ನ ಏನಾದರೂ ಇತ್ತೇ?"

ನಾನು ಕುರ್ಚಿಯ ಮೇಲೆ ಕುಳಿತೆ. ಕೂರಲು ಅವರು ಹೇಳಿರಲಿಲ್ಲ.

"ಎಷ್ಟು ದಿನದಿಂದ?"

"ನಲವತ್ತಮೂರು."

ಅವರು ನನ್ನನ್ನು ಬಯ್ಯಲಿಲ್ಲ. ಪೆನ್ನಿನ ಟೋಪಿ ಹಾಕಿ, ತೆಗೆದು, ಮತ್ತೆ ಹಾಕಿದರು. "ಸ್ಟ್ರಿಪ್ ಇದ್ದರೆ ತನ್ನಿ. ಡೋಸ್ ನೋಡಬೇಕು," ಎಂದರು.

ಮನೆಗೆ ಬಂದೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಅವ್ವ ಅದರ ಎದುರು ಕುಳಿತು ತುಪ್ಪ ಹಾಕುತ್ತಿದ್ದಳು. ನಾನು ಸ್ನಾನವಿಲ್ಲದೆ, ಆಸ್ಪತ್ರೆಯ ಬಟ್ಟೆಯಲ್ಲೇ, ಕಪಾಟಿನ ಖಾನೆ ಎಳೆದೆ. ಅವ್ವ ಈ ಮನೆಗೆ ಬಂದ ಮೇಲೆ ಮೊದಲ ಸಲ ನನ್ನನ್ನು ತಡೆಯಲಿಲ್ಲ. ಖಾಲಿ ಸ್ಟ್ರಿಪ್ಪುಗಳನ್ನು ರೋಹಿಣಿ ಎಸೆದಿರಲಿಲ್ಲ. ಒಂದರ ಮೇಲೊಂದು ಜೋಡಿಸಿ ರಬ್ಬರ್ ಹಾಕಿ ಇಟ್ಟಿದ್ದಳು. ಪೂಜೆಗೆ ಬಳಸಿದ್ದನ್ನು ಕಸಕ್ಕೆ ಹಾಕಬಾರದೆಂದೋ ಏನೋ. ಕೊನೆಯ ಸ್ಟ್ರಿಪ್ಪಿನಲ್ಲಿ ಎರಡು ಮಾತ್ರೆ ಉಳಿದಿದ್ದವು. ಕರ್ಪೂರದ ವಾಸನೆ ಹಿಡಿದಿತ್ತು.

"ಅವ್ನ ಯಾಕ ಒಯ್ತೀಯೋ?" ಎಂದಳು ಅವ್ವ.

"ಡಾಕ್ಟರ್ ಕೇಳ್ಯಾರ."

ಅವ್ವನ ಕೈಯಲ್ಲಿ ತುಪ್ಪದ ಚಮಚ ಇತ್ತು. ಅದು ಅಲ್ಲೇ ನಿಂತಿತು. ಮುಂದೆ ಅವಳು ಏನೂ ಕೇಳಲಿಲ್ಲ. ಅಂದಲ್ಲ, ಮಾರನೆಯ ದಿನವಲ್ಲ, ಬಹಳ ದಿನ.

ರಕ್ತ ತೆಳುಮಾಡುವ ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಮೆದುಳು ಬಾತು, ತಲೆಬುರುಡೆಯ ಒಂದು ತುಂಡು ತೆಗೆದು ಜಾಗ ಮಾಡಿದರು. ವೆಂಟಿಲೇಟರ್ ಹಾಕಿದರು. ಕೊಳವೆಗೆ ದೇಹ ಹೋರಾಡದಿರಲೆಂದು ಒಂದು ಔಷಧಿ ಸಣ್ಣ ಪಂಪಿನಿಂದ ಹನಿಹನಿಯಾಗಿ ಹೋಗುತ್ತಿತ್ತು. ಏನದು ಎಂದು ನರ್ಸಮ್ಮನನ್ನು ಕೇಳಿದೆ. ಮಲಯಾಳಿ ಹುಡುಗಿ. "ಒಪಿಯಾಯ್ಡ್ ಅಂಕಲ್. ಅಫೀಮಿನ ಜಾತಿ. ನೋವಾಗಲ್ಲ," ಎಂದಳು. ಅದನ್ನು ಕೇಳಿ ಸಮಾಧಾನವಾಯಿತು. ಆ ಶಬ್ದವನ್ನು ಇನ್ನೊಮ್ಮೆ, ಬೇರೆ ಕಡೆ ಕೇಳುತ್ತೇನೆಂದು ತಿಳಿದಿರಲಿಲ್ಲ.

ಅದಿತಿ ಫೋನಿನಲ್ಲಿ ಕೇಳುತ್ತಿದ್ದಳು. "ಪಪ್ಪಾ, ಮಮ್ಮಿ ಕ್ಯಾರೇ ಆವ್‌ಶೇ?" ಯಾವಾಗ ಬರುತ್ತಾಳೆ? ನಾನು ಕನ್ನಡದಲ್ಲಿ ಉತ್ತರ ಹೇಳುತ್ತಿದ್ದೆ. ಕನ್ನಡ ಅವಳಿಗೆ ಅರ್ಧಂಬರ್ಧ ತಿಳಿಯುತ್ತದೆ. ಆ ಐದಾರು ದಿನ ಅದೇ ಅನುಕೂಲವಾಯಿತು.

ಆರನೆಯ ದಿನ ಮಧ್ಯಾಹ್ನ ಮುಗಿಯಿತು.

ಅಂದು ನಲವತ್ತೆಂಟನೆಯ ದಿನ. ಈ ಲೆಕ್ಕ ನಾನು ಹಾಕಿದ್ದಲ್ಲ. ರೋಹಿಣಿಯ ಹೆಸರಲ್ಲಿ ಅವ್ವ ದಿನಾ ದೀಪ ಹಚ್ಚುತ್ತಲೇ ಇದ್ದಳು. ನಾವು ಮನೆಗೆ ಬಂದಾಗ ಅದು ಆರಿತ್ತು. ತಾನಾಗಿ ಆರಿತೋ, ಅವ್ವ ಆರಿಸಿದಳೋ ಗೊತ್ತಿಲ್ಲ.

ಎರಡು ತಿಂಗಳ ನಂತರ ನಾನೊಬ್ಬನೇ ಅಹಮದಾಬಾದಿಗೆ ಹೋದೆ. ಯಾಕೆ ಹೋದೆ ಎಂದು ಹೇಳುವುದು ಕಷ್ಟ. ನಮ್ಮ ಪ್ಲಾಂಟಿನಲ್ಲಿ ಒಂದು ಪದ್ಧತಿ ಇದೆ. ಯಾವುದೇ ಅಲಾರಂ ಅಥವಾ ಸೇಫ್ಟಿ ಸ್ವಿಚ್ಚನ್ನು ಸ್ವಲ್ಪ ಹೊತ್ತಿಗೆ ಬೈಪಾಸ್ ಮಾಡುವುದಿದ್ದರೂ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಯಾರು ಮಾಡಿದ್ದು, ಯಾಕೆ, ಎಷ್ಟು ಹೊತ್ತು. ಬರೆಯದೆ ಮಾಡಿದ ಬೈಪಾಸ್ ಮುಂದಿನ ಶಿಫ್ಟಿನವನ ಜೀವ ತೆಗೆಯಬಹುದು. ಇದನ್ನು ನಾನು ಹೊಸಬರಿಗೆ ಕಲಿಸುವವನು. ಆ ಡಾಕ್ಟರ ಫೈಲಿನಲ್ಲಿ "ಔಷಧಿ: ಇಲ್ಲ" ಎಂದು ಇತ್ತು. ಅದು ಹಾಗೆಯೇ ಇರಬಾರದು ಅನ್ನಿಸಿತು.

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದೂ ಸ್ಟಿರಾಯ್ಡೇ," ಎಂದರು. "ಜನಕ್ಕೆ ಸ್ಟಿರಾಯ್ಡ್ ಅಂದರೆ ಜಿಮ್ಮು, ದಮ್ಮು. ಹೆಂಗಸರ ಹಾರ್ಮೋನುಗಳೂ ಸ್ಟಿರಾಯ್ಡ್ ಜಾತಿಯವೇ. ನಾನು ಆ ಮಾತ್ರೆಯನ್ನು ಹೆಸರು ಹಿಡಿದು ಕೇಳಬೇಕಿತ್ತು. ಈಗ ಎಲ್ಲರನ್ನೂ ಕೇಳುತ್ತೇನೆ. ನಿಮಗೆ ಅದರಿಂದ ಪ್ರಯೋಜನವಿಲ್ಲ."

ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಾನು ಕೇಳಿದ್ದಕ್ಕೇ ತೋರಿಸಿದ್ದು. ಮೆದುಳಿನ ಬುಡದಲ್ಲಿ ಒಂದು ಪುಟ್ಟ ಜಾಗ. ಅಲ್ಲಿ ಗಂಟೆ ಬಾರಿಸಿದ ಹಾಗೆ ಬಿಟ್ಟು ಬಿಟ್ಟು ಒಂದು ಹಾರ್ಮೋನ್ ಹೊರಡುತ್ತದೆ. ಆ ಗಂಟೆ ಕೇಳಿ ಅದರ ಕೆಳಗಿರುವ ಪಿಟ್ಯುಟರಿ ಎಲ್‌ಎಚ್ ಬಿಡುತ್ತದೆ. ಎಲ್‌ಎಚ್ ಬಂದರೆ ಅಂಡ ಹೊರಬೀಳುತ್ತದೆ. ಅಂಡ ಹೊರಬಿದ್ದ ಮೇಲೆ ಅಂಡಾಶಯ ಪ್ರೊಜೆಸ್ಟರಾನ್ ಎಂಬ ಸ್ಟಿರಾಯ್ಡನ್ನು ಮಾಡುತ್ತದೆ. ಅದು ರಕ್ತದಲ್ಲಿ ಮೇಲೆ ಹೋಗಿ ಮೆದುಳಿಗೆ ಹೇಳುತ್ತದೆ, ಸಾಕು, ಇಲ್ಲಿ ಕೆಲಸ ಆಗಿದೆ.

"ನೇರವಾಗಿ ಗಂಟೆಗೆ ಹೇಳುವುದಿಲ್ಲ. ಗಂಟೆಯ ಹತ್ತಿರ ಬೇರೆ ಕೋಶಗಳಿವೆ. ಅವು ಅಫೀಮಿನಂಥದ್ದನ್ನು ತಾವೇ ತಯಾರಿಸುತ್ತವೆ. ಮೆದುಳಿನ ಸ್ವಂತ ಅಫೀಮು. ಸ್ಟಿರಾಯ್ಡ್ ಬಂದರೆ ಅವು ಎಚ್ಚರಾಗುತ್ತವೆ. ಆ ಅಫೀಮು ಗಂಟೆಯನ್ನು ಮಂಪರಿಗೆ ಹಾಕುತ್ತದೆ. ಗಂಟೆ ನಿಧಾನವಾಗುತ್ತದೆ. ಪ್ರತಿ ತಿಂಗಳೂ ಪ್ರತಿ ಹೆಂಗಸಿನಲ್ಲೂ ಕೆಲವು ದಿನ ಹೀಗೆ ಆಗುವುದೇ. ಆಮೇಲೆ ಸ್ಟಿರಾಯ್ಡ್ ಇಳಿಯುತ್ತದೆ, ಮುಟ್ಟು ಬರುತ್ತದೆ, ಗಂಟೆ ಮತ್ತೆ ಶುರು."

"ಮಾತ್ರೆ ತಗೊಂಡರೆ?"

"ಒಳಪದರ ಕಳಚಿ ಬೀಳದ ಹಾಗೆ ಮಾತ್ರೆ ಹಿಡಿದಿಡುತ್ತದೆ. ಅದಕ್ಕೇ ಮುಟ್ಟು ಬರುವುದಿಲ್ಲ. ಅದರ ಜೊತೆ ಮೇಲಕ್ಕೂ ಸುದ್ದಿ ಹೋಗುತ್ತಲೇ ಇರುತ್ತದೆ. ಸಾಕು, ಸಾಕು, ಸಾಕು."

ನನ್ನ ಕೆಲಸವೇ ಅದು. ಅಳತೆ ಮಾಡುವ ಉಪಕರಣ ಸುಳ್ಳು ಸಿಗ್ನಲ್ ಕೊಟ್ಟರೆ ಕಂಟ್ರೋಲ್ ರೂಮು ವಾಲ್ವ್ ಮುಚ್ಚುತ್ತದೆ. ಕಂಟ್ರೋಲ್ ರೂಮಿನ ತಪ್ಪಿಲ್ಲ. ವಾಲ್ವಿನ ತಪ್ಪಿಲ್ಲ.

ಮಗುವಿಗಾಗಿ ದೀಪ. ದೀಪ ನಿಲ್ಲಬಾರದೆಂದು ಮಾತ್ರೆ. ಆ ಮಾತ್ರೆ ದಿನಕ್ಕೆ ಮೂರು ಸಲ ಅವಳ ಮೆದುಳಿಗೆ ಹೋಗಿ ಮಗು ಬೇಡ ಎಂದು ಹೇಳಿ ಬರುತ್ತಿತ್ತು.

ನನಗೆ ಇನ್ನೊಂದು ಕೇಳಬೇಕಿತ್ತು. "ತಲೆಯೊಳಗೆ ಅಫೀಮು ಹೆಚ್ಚಾಗಿದ್ದಕ್ಕೇ ಅವಳಿಗೆ ನೋವು ಗೊತ್ತಾಗಲಿಲ್ಲವೇ? ಹನ್ನೆರಡು ದಿನ ಅವಳು ಸುಮ್ಮನಿದ್ದಳು."

ಡಾಕ್ಟರು ತಲೆಯಾಡಿಸಿದರು. "ಹಾಗೆ ಕಥೆ ಕಟ್ಟಿಕೊಳ್ಳಬೇಡಿ. ಅದು ತನ್ನ ಜಾಗದಲ್ಲಿ ತನ್ನ ಕೆಲಸ ಮಾಡುತ್ತದೆ. ಇಡೀ ತಲೆನೋವನ್ನು ಮುಚ್ಚುವುದಿಲ್ಲ. ರಕ್ತ ಹೆಪ್ಪುಗಟ್ಟಿದ್ದು ಅಫೀಮಿನಿಂದಲೂ ಅಲ್ಲ. ಈ ಮಾತ್ರೆ ಬಹಳ ದಿನ ತಗೊಂಡರೆ ಕೆಲವರ ರಕ್ತ ಗಟ್ಟಿಯಾಗಬಹುದು. ಮೇಲೆ ಉಪವಾಸ, ನೀರಿಲ್ಲ, ಈ ಬಿಸಿಲು. ಅವರ ರಕ್ತದ ಗುಣವೂ ಇರಬಹುದು. ಸಾವಿರಾರು ಹೆಂಗಸರು ತಗೊಳ್ಳುತ್ತಾರೆ, ಏನೂ ಆಗುವುದಿಲ್ಲ. ಇದೊಂದೇ ಕಾರಣ ಅಂತ ನಾನು ಹೇಳಲಾರೆ."

"ಅಂದು ಎಂಆರ್‌ಐ ಮಾಡಿಸಿದ್ದರೆ?"

"ಗೊತ್ತಿಲ್ಲ," ಎಂದರು. ಅವರು ಅಷ್ಟು ನೇರವಾಗಿ ಹೇಳಿದ್ದಕ್ಕೆ ನಾನು ಇವತ್ತಿಗೂ ಋಣಿ.

ವಾಪಸ್ ಬರುವ ಬಸ್ಸಿನಲ್ಲಿ ಯೋಚಿಸಿದೆ. ಹಾಗಾದರೆ ರೋಹಿಣಿಗೆ ನೋವು ಗೊತ್ತಾಗಿತ್ತು. ಎಲ್ಲ ದಿನವೂ ಗೊತ್ತಾಗಿತ್ತು. ಅವಳು ಹೇಳಲಿಲ್ಲ. ಹೇಳಿದಷ್ಟನ್ನೂ ನಾನು ಕನ್ನಡಕದ ನಂಬರಿಗೆ ಕಟ್ಟಿಹಾಕಿದೆ. ಮೆದುಳಿನ ಅಫೀಮಿನ ಮೇಲೆ ಹಾಕಬಹುದಾದ ಭಾರ ಅಲ್ಲಿಗೆ ತಪ್ಪಿತು. ಅದು ನನ್ನ ಹತ್ತಿರವೇ ಉಳಿಯಿತು.

ವರ್ಷ ತುಂಬುತ್ತ ಬಂತು. ಮೊದಲ ಶ್ರಾದ್ಧ. ಅವ್ವನಿಗೆ ಮಂಡಿನೋವು, ನಿಂತು ಅಡುಗೆ ಮಾಡಲಾರಳು. ನನ್ನ ತಂಗಿ ಪದ್ಮಾ ಸೂರತ್‌ನಲ್ಲಿದ್ದಾಳೆ. ಅವಳ ಗಂಡ ಅಲ್ಲಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಸೂಪರ್‌ವೈಸರ್. ಅಡುಗೆಗೆ ಅವಳು ಬರುವುದೆಂದು ಮಾತಾಗಿತ್ತು. ಒಂದು ವಾರ ಇರುವಾಗ ಮಧ್ಯಾಹ್ನ ಫೋನ್ ಮಾಡಿದಳು. ದನಿ ಬಹಳ ಸಣ್ಣದಾಗಿತ್ತು.

"ಅಣ್ಣಾ, ಹ್ಯಾಂಗ ಕೇಳ್ಲಿ ಗೊತ್ತಾಗವಲ್ದು. ತಿಥಿ ದಿನಾನ ನಂದು ಬರೂದದ. ಅಡಿಗಿಗೆ ಬ್ಯಾರೆ ಯಾರೂ ಇಲ್ಲ. ನಾಲ್ಕ ದಿನದ ಮಟ್ಟಿಗೆ... ತಗೊಳ್ಲೇನು?"

ನನಗೆ ಸಿಟ್ಟು ಬರಲಿಲ್ಲ. ಇದನ್ನು ಓದುವವರಿಗೆ ಪದ್ಮಾ ಮೂರ್ಖಳಾಗಿ ಕಾಣಬಹುದು. ಅವಳು ರೋಹಿಣಿಯ ಚಿತೆಯ ದಿನ ಎದೆ ಬಡಿದುಕೊಂಡು ಅತ್ತವಳು. ಕಾರಣವೂ ಅವಳಿಗೆ ಗೊತ್ತು. ಆದರೂ ತಿಥಿ ಎಂದರೆ ತಿಥಿ. ಆ ಮಾತ್ರೆಯನ್ನು ಅವಳ ಬಾಯಿ ಹೆಸರಿಸಲಿಲ್ಲ ನೋಡಿ. ತಗೊಳ್ಲೇನು ಎಂದಳು, ಅಷ್ಟೇ.

ಫೋನ್ ಸ್ಪೀಕರಿನಲ್ಲಿತ್ತು. ಅವ್ವ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಪದ್ದಿ, ಕೇಳಿಲ್ಲಿ. ಆ ಮಾತ್ರಿ ನುಂಗಿ ಬಂದ್ರ ನನ್ನ ಹೊಸ್ತಲಾ ತುಳೀಬ್ಯಾಡ."

"ಅವ್ವಾ, ಮತ್ತ ಅಡಿಗಿ..."

"ಅಡಿಗಿ ನಾ ಮಾಡ್ತೀನಿ."

"ನಿನ್ನ ಮಣಕಾಲು?"

"ಸ್ಟೂಲಿನ ಮ್ಯಾಲೆ ಕೂತು ಮಾಡ್ತೀನಿ. ನೀ ಕಡಿಗಾದ್ರ ಆಗು. ಬಂದು ಕೂಡು. ಅದಿತಿ ತಲಿ ಬಾಚು. ಒಬ್ಬಾಕಿ ಹೋದ್ಲು. ಸಾಕು."

ರೋಹಿಣಿ ಹೋದ ಮೇಲೆ ಅವ್ವ ಆ ವಿಷಯವಾಗಿ ಬಾಯಿಬಿಟ್ಟದ್ದು ಅದೇ ಮೊದಲು.

ತಿಥಿಯ ದಿನ ಅವ್ವ ಗ್ಯಾಸ್ ಒಲೆಯನ್ನು ಕೆಳಗಿಳಿಸಿಕೊಂಡು ಅದಿತಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಎಲ್ಲ ಅಡುಗೆ ಮಾಡಿದಳು. ಪದ್ಮಾ ಅಡುಗೆಮನೆಯ ಬಾಗಿಲಾಚೆ ಚಾಪೆಯ ಮೇಲೆ ಕುಳಿತಿದ್ದಳು. ಬೇರೆ ಕೋಣೆಯಲ್ಲಲ್ಲ. ನಮ್ಮ ಮನೆಯಲ್ಲಿ ಅಷ್ಟೇ ಬದಲಾಗಿದೆ. ಮಡಿ ಹೋಗಿಲ್ಲ. ಹೋಗುತ್ತದೆ ಎಂದು ನಾನು ಹೇಳಲಾರೆ. ನಡುವೆ ಒಮ್ಮೆ ಅವ್ವ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಕೈ ತಡೆದು ಕುಳಿತಳು. "ಹಾಕೀದಿ, ಎಣಿಸೇನಿ ನಾ," ಎಂದಳು ಪದ್ಮಾ ಬಾಗಿಲಿಂದಲೇ.

ದೇವರ ಕಪಾಟಿನ ಖಾನೆಯಲ್ಲಿ ಈಗ ಬತ್ತಿ, ಕರ್ಪೂರ ಮಾತ್ರ ಇವೆ. ಮೆಡಿಕಲ್ ಸ್ಟೋರಿನವನಿಗೆ ನಾನು ಎಲ್ಲ ಹೇಳಿದೆ. ಅವನು ಕೈಮುಗಿದ. ಮುಂದಿನ ನವರಾತ್ರಿಗೆ ಅವನು ಚೀಟಿ ಕೇಳುತ್ತಾನೋ ಇಲ್ಲವೋ ತಿಳಿಯದು.

ಶ್ರಾದ್ಧದ ಮರುವಾರ ಅವ್ವನನ್ನು ಬಿಪಿ ನೋಡಿಸಲು ಟೌನ್‌ಶಿಪ್ಪಿನ ದವಾಖಾನೆಗೆ ಕರೆದುಕೊಂಡು ಹೋದೆ. ಹೊಸದಾಗಿ ಬಂದ ಲೇಡಿ ಡಾಕ್ಟರು. ಹುಬ್ಬಳ್ಳಿಯ ಕಡೆಯ ಹುಡುಗಿ, ಕನ್ನಡ ಕೇಳಿ ಖುಷಿಯಾದಳು. ಫಾರ್ಮ್ ತುಂಬುತ್ತ ಕೇಳಿದಳು: "ಏನೇನು ಔಷಧ ತಗೋತೀರಿ ಅಜ್ಜಿ?"

ನಾನು ಬಿಪಿ ಮಾತ್ರೆಯ ಸ್ಟ್ರಿಪ್ ಮುಂದಿಟ್ಟೆ. ಅವ್ವ ಅದನ್ನು ಪಕ್ಕಕ್ಕೆ ಸರಿಸಿ ಬೆರಳು ಮಡಿಸತೊಡಗಿದಳು.

"ಮುಂಜಾನೆ ಮೂರು ಉದ್ಧರಣಿ ತೀರ್ಥ. ಅದರಾಗ ತುಳಸಿ, ಪಚ್ಚಕರ್ಪೂರ. ಒಂದು ಚಿಟಿಗಿ ಅಂಗಾರ, ಹಣಿಗಿ ಹಚ್ಚಿ ನಾಲಗಿಗೂ ಇಟ್ಕೋತೀನಿ. ಊಟ ಆದ ಮ್ಯಾಲೆ ಅಜವಾನ. ಬಿಪಿದು ಒಂದು. ಮಣಕಾಲಿಗೆ ಬಾಜೂ ಮನಿ ಗುಜರಾತಿ ಬೆನ್ ಕೊಟ್ಟ ಎಣ್ಣಿ. ಏಕಾದಶಿ ದಿನ ಏನೂ ಇಲ್ಲ." ಇನ್ನೊಂದು ಬೆರಳು ಮಡಿಸಿದಳು. "ಈಗ ಏಕಾದಶಿಗೂ ನೀರು ಕುಡೀತೀನಿ."

ಡಾಕ್ಟರು ಪೆನ್ನು ಎತ್ತಿಹಿಡಿದು ನಕ್ಕಳು. "ತೀರ್ಥ ಔಷಧ ಅಲ್ಲ ಬಿಡ್ರಿ ಅಜ್ಜಿ."

ಅವ್ವ ನಗಲಿಲ್ಲ. ಬೆರಳಿನಿಂದ ಫಾರ್ಮಿನ ಖಾಲಿ ಸಾಲನ್ನು ಮುಟ್ಟಿ ತೋರಿಸಿದಳು.

"ಬರಕೋ ತಾಯಿ," ಎಂದಳು. "ಬಾಯಾಗ ಹೋಗೂದೆಲ್ಲಾ ಬರಕೋ."